ಅಡ್ಡಪಲ್ಲಕ್ಕಿಯೋ, ಬರೀ ಪಲ್ಲಕ್ಕಿಯೋ?

ಕಂಪನಿ ಕಾಲದ ಜಲವರ್ಣ ಚಿತ್ರವೊಂದರಲ್ಲಿ ಖಾಲಿ ಪಲ್ಲಕ್ಕಿ ಕಂಡರೆ ‘ಮಠದ ಅಡ್ಡಪಲ್ಲಕ್ಕಿ’ ಎಂದು ಗುರುತಿಸಿಬಿಡುವುದು ಸುಲಭ. ನಾನಂತೂ ಒಪ್ಪುವುದಿಲ್ಲ.

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಕಡೆ ಗುರುಗಳ ಅಡ್ಡಪಲ್ಲಕ್ಕಿ ಉತ್ಸವ ನೋಡಿದವರಿಗೆ ಗೊತ್ತು: ಹೊರುವ ದಂಡ ದಾರಿಗೆ ಅಡ್ಡಲಾಗಿರುತ್ತೆ, ಇಡೀ ಬೀದಿ ಗುರುಗಳಿಗೇ. ಸಾಮಾನ್ಯ ಪಲ್ಲಕ್ಕಿಯ ದಂಡ ದಾರಿಯ ಉದ್ದಕ್ಕೆ. ಅಂದರೆ ಮುಖ್ಯ ವ್ಯತ್ಯಾಸ ಇರೋದು ಮರಗೆಲಸದಲ್ಲಲ್ಲ, ನಡೆಯುವ ದಿಕ್ಕಿನಲ್ಲಿ. ಆಸನದ ಒರಗು ಯಾವ ಕಡೆಗಿದೆ ಎಂಬುದು ಸುಳಿವು ಕೊಟ್ಟೀತು, ಆದರೆ ಅದೇ ತೀರ್ಪಲ್ಲ. ಕಾಗದದ ಮೇಲೆ ಬೀದಿಯೂ ಇಲ್ಲ, ಹೊರುವವರೂ ಇಲ್ಲ ಅಂದಮೇಲೆ ದಿಕ್ಕು ಹೇಳೋದು ಹೇಗೆ?

ಇದು ಸಣ್ಣ ವಿಷಯವೂ ಅಲ್ಲ. ಹೀಗೆ ಅಡ್ಡಲಾಗಿ ಹೊತ್ತೊಯ್ಯುವ ಗೌರವ ತಮಗೊಬ್ಬರಿಗೇ ಸಲ್ಲಬೇಕೆಂದು ಸ್ಮಾರ್ತ ಸ್ವಾಮಿಗಳೊಬ್ಬರು ಲಿಂಗಾಯತ ಗುರುವಿನ ಮೇಲೆ ಹೂಡಿದ ದಾವೆ, ಬೊಂಬಾಯಿಯ ಸದರ್ ಅದಾಲತ್ ದಾಟಿ, 1843ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಮುಂದಿತ್ತು. ಅಂಥ ಹಕ್ಕನ್ನು ಒಂದು ಅಡಿಬರಹದಿಂದ ಯಾರಿಗೂ ದಾನ ಮಾಡಬಾರದು.

ಶಾಸನದಲ್ಲಿ ಅಕ್ಷರ ಸವೆದ ಕಡೆ ನಾವು ಚುಕ್ಕಿ ಇಡುತ್ತೇವೆ. ಊಹಿಸಿದ ಪಾಠವನ್ನು ಆವರಣದೊಳಗೆ ಹಾಕುತ್ತೇವೆ. ಚಿತ್ರಕ್ಕೂ ಅದೇ ಶಿಸ್ತು ಬೇಕು. ಸದ್ಯಕ್ಕೆ ‘ಪಲ್ಲಕ್ಕಿ’ ಅಂತ ಬರೆಯೋಣ. ‘ಅಡ್ಡ’ ಅನ್ನಲು ಹೊರುವವರ ಹೆಜ್ಜೆಯೋ ಮಠದ ಕಡತವೋ ಸಿಗಲಿ.