ಗುಳಿಯ ಮೇಲಿನ ಪೊರೆ

ಪಡ್ಡಿನ ಹಂಚನ್ನು ನೆನೆಸಿಕೊಳ್ಳಿ. ಅದರ ಒಂದೊಂದು ಗುಳಿಯೂ ಕೆಲವೇ ಮೈಕ್ರಾನ್ ಅಗಲ ಎಂದುಕೊಳ್ಳಿ. ತಲೆಗೂದಲಿನ ದಪ್ಪವೂ ಇಲ್ಲ. ಗುಳಿಯ ತುಂಬ ನೀರು. ಅದರ ಮೇಲೆ, ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ, ಸುಮಾರು 5 ನ್ಯಾನೊಮೀಟರ್ ದಪ್ಪದ ಕೊಬ್ಬಿನ ಜೋಡಿಪದರ. ಡಬ್ಲಿನ್ ಸಿಟಿ ಯೂನಿವರ್ಸಿಟಿಯಲ್ಲಿ ಟಿಯಾ ಕೀಸ್ ಮತ್ತು ಸಂಗಡಿಗರು ಕಟ್ಟಿರುವ ಕೃತಕ ಜೀವಕೋಶ ಪೊರೆ ಇದು.

ಪೊರೆಯನ್ನು ಸಪಾಟು ಗಾಜಿನ ಮೇಲೆ ಹಾಸುವ ವಿದ್ಯೆ 1980ರ ದಶಕದಿಂದಲೂ ಉಂಟು. ಆದರೆ ಗಾಜಿಗೂ ಪೊರೆಗೂ ನಡುವೆ ಉಳಿಯುವುದು ಒಂದೆರಡು ನ್ಯಾನೊಮೀಟರ್ ನೀರು. ಪೊರೆಯಿಂದ ಕೆಳಕ್ಕೆ ಚಾಚಿದ ಪ್ರೋಟೀನು ಗಾಜಿಗೆ ತಾಗಿ ಅಂಟಿಕೊಳ್ಳುತ್ತದೆ, ಮತ್ತೆ ಕದಲುವುದಿಲ್ಲ. ಡಬ್ಲಿನ್ನಿನವರ ಜಾಣತನವೆಲ್ಲ ಇರುವುದು ಪೊರೆಯಲ್ಲಲ್ಲ, ಅದರ ಕೆಳಗಿನ ಗುಳಿಯಲ್ಲಿ. ಪಾಲಿಸ್ಟೈರೀನ್ ಗುಂಡುಗಳನ್ನು ಒಂದೇ ಪದರವಾಗಿ ಹರಡಿ, ಸುತ್ತ ಚಿನ್ನ ಬೆಳೆಸಿ, ಗುಂಡುಗಳನ್ನು ಕರಗಿಸಿಬಿಟ್ಟರೆ ಹಂಚು ಸಿದ್ಧ. ಪ್ಲೇಟ್‌ಲೆಟ್ ಎಂಬ ರಕ್ತಕಣಗಳಲ್ಲಿರುವ ಇಂಟೆಗ್ರಿನ್ ಪ್ರೋಟೀನು ಸಿಲಿಕೋನಿನಲ್ಲಿ ಮಾಡಿದ ಇಂಥ ಗುಳಿಗಳ ಮೇಲೆ ಸರಾಗವಾಗಿ ಹರಿದಾಡುವುದನ್ನು ಅವರು 2015ರಲ್ಲಿ ತೋರಿಸಿದರು.

2019ರ ಹೊತ್ತಿಗೆ ಇಂಥ ಹಂಚು ಔಷಧ ಪರೀಕ್ಷೆಗೂ ಬಂತು. ಔಷಧದ ಅಣು ಪೊರೆಗೆ ನುಸುಳಿದರೆ ವಿದ್ಯುತ್ತಿಗೆ ಪೊರೆ ಒಡ್ಡುವ ತಡೆ ಬದಲಾಗುತ್ತದೆ. ಬಣ್ಣ ಕಟ್ಟಿದ ಕೊಬ್ಬಿನ ಅಣುಗಳ ಮಿನುಗಿನ ಏರಿಳಿತವನ್ನು ಅಳೆದರೆ ಪೊರೆಯೊಳಗಿನ ಓಡಾಟ ಎಷ್ಟು ನಿಧಾನವಾಯಿತು, ಎಷ್ಟು ಚುರುಕಾಯಿತು ಎಂದು ತಿಳಿಯುತ್ತದೆ.

ನನ್ನ ತಕರಾರು ಇಲ್ಲಿಂದ ಶುರು. ವಿದ್ಯುತ್ತಿನ ಅಳತೆಗೆ ಚಿನ್ನದ ಹಂಚು, ಬೆಳಕಿನ ಅಳತೆಗೆ ಪಾರದರ್ಶಕ ಸಿಲಿಕೋನ್ ಹಂಚು. ಎರಡರ ಮೇಲೂ ಕಟ್ಟಿದ್ದು ಒಂದೇ ಬಗೆಯ ಕೆನೆ ಎಂದು ನಂಬಿಕೊಂಡೇ ಎರಡು ಅಳತೆಗಳನ್ನು ಒಟ್ಟಿಗೆ ಓದಬೇಕು. ನಿಜವಾದ ಪೊರೆಯಲ್ಲಿ ನೂರಾರು ಬಗೆಯ ಕೊಬ್ಬುಗಳಿದ್ದರೆ ಇಲ್ಲಿ ಬೆರಳೆಣಿಕೆಯವು. ಅದು ದೊಡ್ಡ ದೋಷವೇನಲ್ಲ. ಯಾವುದರಿಂದ ಏನಾಯಿತು ಎಂದು ಬೇರ್ಪಡಿಸಿ ನೋಡಲು ಆ ಬಡತನವೇ ಬೇಕು. ಹೆಚ್ಚು ಕಾಡುವುದು ಬೇರೆಯದು. ಪ್ರೋಟೀನು ಸಲೀಸಾಗಿ ಓಡಾಡಿದ್ದನ್ನೇ ಇಲ್ಲಿ ಗೆಲುವಿನ ಗುರುತೆಂದು ಎಣಿಸಲಾಗಿದೆ. ಆದರೆ ಜೀವಂತ ಪ್ಲೇಟ್‌ಲೆಟ್ ಚುರುಕಾಗಿ ರಕ್ತ ಹೆಪ್ಪುಗಟ್ಟಿಸುವಾಗ ಅದೇ ಇಂಟೆಗ್ರಿನ್ ಟ್ಯಾಲಿನ್ ಎಂಬ ಇನ್ನೊಂದು ಪ್ರೋಟೀನಿನ ಮೂಲಕ ಕೋಶದೊಳಗಿನ ಹಂದರಕ್ಕೆ ಬಿಗಿಯಾಗಿ ಕಟ್ಟಿಕೊಂಡಿರುತ್ತದೆ. ಡಬ್ಲಿನ್ನಿನ ಗುಳಿಯಲ್ಲಿ ಅದರ ಬಾಲ ಇಳಿಬಿದ್ದಿರುವುದು ಬರೀ ಉಪ್ಪುನೀರಿಗೆ.