ಮರಳಿ ತಂದವರ ಮಾತು: ದೇಶವಿಭಜನೆಯ ಅಪಹೃತ ಸ್ತ್ರೀಯರಿಗೆ ದೊರೆತ ನೆರವನ್ನು ಕುರಿತ ನಾಲ್ಕು ಗ್ರಂಥಗಳು

ದೇಶವಿಭಜನೆಯ ಕಾಲದಲ್ಲಿ ಪಂಜಾಬಿನ ಎರಡು ಭಾಗಗಳಲ್ಲಿಯೂ ಸ್ತ್ರೀಯರ ಮೇಲೆ ನಡೆದ ಅತ್ಯಾಚಾರ ಮತ್ತು ಅಪಹರಣಗಳನ್ನು ಕುರಿತು ನಮ್ಮ ಚರಿತ್ರೆಯ ತರಗತಿಗಳಲ್ಲಿ ಇಂದು ಒಂದೆರಡು ಮಾತಾದರೂ ಬರುತ್ತದೆ. ಅನಂತರ ಆ ಸ್ತ್ರೀಯರ ಗತಿ ಏನಾಯಿತೆಂದು ವಿದ್ಯಾರ್ಥಿಯು ಕೇಳಿದರೆ ದೊರೆಯುವ ಉತ್ತರ ಬಹುಮಟ್ಟಿಗೆ ಒಂದೇ ವಾಕ್ಯದ್ದು: ಉಭಯ ಸರ್ಕಾರಗಳೂ ಒಪ್ಪಂದ ಮಾಡಿಕೊಂಡು ಅಪಹೃತರನ್ನು ರಕ್ಷಿಸಿದವು. ಒಪ್ಪಂದವಾದುದು ನಿಜ; ಅದರ ದಿನಾಂಕ 1947ರ ಡಿಸೆಂಬರ್ 6. ಸರ್ಕಾರದ ಅಂದಾಜಿನಂತೆ ಭಾರತದಲ್ಲಿ ಉಳಿದ ಅಪಹೃತ ಮುಸ್ಲಿಂ ಸ್ತ್ರೀಯರು 50,000, ಪಾಕಿಸ್ತಾನದಲ್ಲಿ ಉಳಿದ ಹಿಂದೂ ಮತ್ತು ಸಿಖ್ ಸ್ತ್ರೀಯರು 33,000. ಇವರಲ್ಲಿ ಸುಮಾರು 30,000 ಮಂದಿಯನ್ನು 1950ರ ದಶಕದ ನಡುವಿನ ವೇಳೆಗೆ ಮರಳಿ ತರಲಾಯಿತು. ಆದರೆ ‘ರಕ್ಷಿಸಿದವು’ ಎಂಬ ಕ್ರಿಯಾಪದವು ಎಷ್ಟರಮಟ್ಟಿಗೆ ನಿಜವೆಂಬುದು ವಿಚಾರಣೀಯವಾದ ವಿಷಯ. ಇದನ್ನು ಪರಿಶೀಲಿಸಲು ನಮಗೆ ಒದಗುವ ಮುಖ್ಯ ಗ್ರಂಥಗಳು ನಾಲ್ಕು: ಆನಿಸ್ ಕಿದ್ವಾಯಿ ಅವರ ‘ಆಜಾದೀ ಕೀ ಛಾಂವ್ ಮೇಂ’, ಕಮಲಾ ಪಟೇಲ್ ಅವರ ‘ಮೂಳ ಸೋತಾಂ ಉಖಡೇಲಾಂ’, ಮತ್ತು 1998ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ಎರಡು ಸಂಶೋಧನ ಗ್ರಂಥಗಳು. ಇವುಗಳಲ್ಲಿ ಒಂದು ಉರ್ವಶಿ ಬುಟಾಲಿಯಾ ಅವರದು. ಮತ್ತೊಂದನ್ನು ರಿತು ಮೆನನ್ ಮತ್ತು ಕಮಲಾ ಭಸೀನ್ ಜೊತೆಗೂಡಿ ಬರೆದಿದ್ದಾರೆ. ಮೊದಲಿನ ಎರಡು ನೆರವಿನ ಕಾರ್ಯದಲ್ಲಿ ಸ್ವತಃ ನಿಂತವರ ನೆನಪುಗಳು. ಉಳಿದೆರಡು ಅರ್ಧ ಶತಮಾನದ ಮೇಲೆ ಕೈಗೊಂಡ ವಿಚಾರಣೆಗಳು.

ಮೊದಲು ಒಂದು ಶಬ್ದದ ಮಾತು. ಈ ಕಾರ್ಯಕ್ಕೆ ಸರ್ಕಾರವು ಇಟ್ಟ ಇಂಗ್ಲಿಷ್ ಹೆಸರು ‘ರಿಕವರಿ’. ಅದನ್ನು ಕನ್ನಡಿಸಲು ಹೊರಟವರಿಗೆ ತೊಡಕು ಕೂಡಲೇ ತಿಳಿಯುತ್ತದೆ. ಸಾಲದ ಸಂದರ್ಭದಲ್ಲಿ ನಾವು ಇದನ್ನು ವಸೂಲಿ ಎನ್ನುತ್ತೇವೆ. ಕಳವಾದ ಮಾಲಿನ ಸಂದರ್ಭದಲ್ಲಿ ಪತ್ತೆ, ವಶ ಎನ್ನುತ್ತೇವೆ. ರೋಗಿಯ ವಿಷಯದಲ್ಲಿ ಚೇತರಿಕೆ. ಈ ಮೂರರಲ್ಲಿ ಶಾಸನಕರ್ತರ ಮನಸ್ಸಿನಲ್ಲಿದ್ದುದು ಎರಡನೆಯದೆಂದು ಹೇಳದೆ ಗತ್ಯಂತರವಿಲ್ಲ. ಚೇತರಿಕೆಯ ಅರ್ಥವಾದರೋ ಆ ಕಡತಗಳಲ್ಲಿ ಎಲ್ಲಿಯೂ ಇಣುಕುವುದಿಲ್ಲ.

1949ರ ಅಪಹೃತ ವ್ಯಕ್ತಿಗಳ ಕಾಯಿದೆಯನ್ನು ಓದಿದವರಿಗೆ ಈ ಮಾತು ಅತಿಶಯೋಕ್ತಿಯೆನಿಸದು. ಎನ್. ಗೋಪಾಲಸ್ವಾಮಿ ಅಯ್ಯಂಗಾರ್ಯರು ಸಭೆಯ ಮುಂದಿಟ್ಟ ಈ ಶಾಸನದ ಪ್ರಕಾರ ‘ಅಪಹೃತ ವ್ಯಕ್ತಿ’ ಎಂದರೆ ಹದಿನಾರು ವರ್ಷದೊಳಗಿನ ಬಾಲಕ, ಅಥವಾ ಯಾವುದೇ ವಯಸ್ಸಿನ ಸ್ತ್ರೀ. ಆ ವ್ಯಕ್ತಿಯು 1947ರ ಮಾರ್ಚ್ 1ಕ್ಕೆ ಮುಂಚೆ ಮುಸ್ಲಿಮನಾಗಿದ್ದು, ಆ ದಿನದಿಂದ 1949ರ ಜನವರಿ 1ರವರೆಗಿನ ಅವಧಿಯಲ್ಲಿ ಕುಟುಂಬದಿಂದ ಅಗಲಿ ಬೇರೊಬ್ಬರೊಡನೆಯೋ ಬೇರೊಂದು ಕುಟುಂಬದೊಡನೆಯೋ ವಾಸವಾಗಿರುವುದು ಕಂಡುಬಂದರೆ ಸಾಕು. ಬಲಾತ್ಕಾರವಾಗಿತ್ತೇ ಇಲ್ಲವೇ ಎಂಬುದನ್ನು ಲಕ್ಷಣವಾಕ್ಯವು ಕೇಳುವುದೇ ಇಲ್ಲ. ನಲವತ್ತು ವರ್ಷದ ಗೃಹಿಣಿಯೂ ಹತ್ತು ವರ್ಷದ ಬಾಲಕನೂ ಒಂದೇ ತಕ್ಕಡಿಯಲ್ಲಿ. ಪೊಲೀಸ್ ಅಧಿಕಾರಿಯು ವಾರಂಟಿಲ್ಲದೆ ಮನೆಯನ್ನು ಹೊಕ್ಕು ಆಕೆಯನ್ನು ಶಿಬಿರಕ್ಕೆ ಒಯ್ಯಬಹುದಾಗಿತ್ತು. ಶಿಬಿರದಲ್ಲಿ ಇರಿಸಿಕೊಂಡುದನ್ನು ಯಾವ ನ್ಯಾಯಾಲಯದಲ್ಲಿಯೂ ಪ್ರಶ್ನಿಸುವಂತಿರಲಿಲ್ಲ. ಪಂಡಿತ ಠಾಕುರದಾಸ ಭಾರ್ಗವರು ಇದನ್ನು ಸಭೆಯಲ್ಲಿಯೇ ಆಕ್ಷೇಪಿಸಿದರು. ಆಕೆ ಅಪಹೃತಳೇ ಎಂಬುದನ್ನು ತೀರ್ಮಾನಿಸಲು ನೇಮಿಸಿದ ಮಂಡಲಿಯಲ್ಲಿ ಇದ್ದವರು ಇಬ್ಬರು ಪೊಲೀಸ್ ಸೂಪರಿಂಟೆಂಡೆಂಟರು, ಒಬ್ಬ ಭಾರತದವನು, ಒಬ್ಬ ಪಾಕಿಸ್ತಾನದವನು. ಪಂಜಾಬಿನ ಉಚ್ಚ ನ್ಯಾಯಾಲಯವು ಈ ಶಾಸನ ಸಂವಿಧಾನಕ್ಕೆ ವಿರುದ್ಧವೆಂದಿತು; 1952ರಲ್ಲಿ ಅಜೈಬ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಹೀಗೆ ಕರೆದೊಯ್ಯುವುದು 22ನೆಯ ವಿಧಿಯ ಅರ್ಥದಲ್ಲಿ ದಸ್ತಗಿರಿಯೇ ಅಲ್ಲವೆಂದು ನಿರ್ಣಯಿಸಿ ಶಾಸನವನ್ನು ಉಳಿಸಿತು. ನೆರವು ಎಂಬುದು ದಸ್ತಗಿರಿಯೋ ಅಲ್ಲವೋ ಎಂದು ಸರ್ವೋಚ್ಚ ನ್ಯಾಯಾಲಯದವರೆಗೆ ವಾದಿಸಬೇಕಾಗಿ ಬಂದುದೇ ಚರಿತ್ರಕಾರನಿಗೆ ಸಾಕಾದಷ್ಟು ಸೂಚನೆ.

ಇನ್ನು ಗ್ರಂಥಗಳು. ಆನಿಸ್ ಕಿದ್ವಾಯಿ ಅವರ ಪತಿ ಶಫೀ ಅಹಮದ್ ಕಿದ್ವಾಯಿ ಅವರು 1947ರ ಅಕ್ಟೋಬರಿನಲ್ಲಿ ಮಸ್ಸೂರಿಯಲ್ಲಿ ಕೊಲೆಯಾದರು. ಆ ದುಃಖದಲ್ಲಿ ದಿಲ್ಲಿಗೆ ಬಂದು ಗಾಂಧೀಜಿಯವರನ್ನು ಕಂಡ ಆನಿಸ್, ಪುರಾನಾ ಕಿಲಾ ಮತ್ತು ಹುಮಾಯೂನನ ಗೋರಿಯ ಶಿಬಿರಗಳಲ್ಲಿ ಸೇವೆಗೆ ನಿಂತರು. 1949ರಷ್ಟು ಹಿಂದೆಯೇ ಬರೆದ ಅವರ ಉರ್ದು ಗ್ರಂಥ ಅಚ್ಚಾದುದು 1974ರಲ್ಲಿ. ಘಟನೆಗೆ ಇಷ್ಟು ಸಮೀಪದಲ್ಲಿ ಕುಳಿತು ಬರೆದ ಮತ್ತೊಂದು ದೀರ್ಘ ಕಥನವು ಈ ನಾಲ್ಕರಲ್ಲಿಲ್ಲ. ಆಕರವಾಗಿ ಅದರ ಬೆಲೆ ದೊಡ್ಡದು; ಆದರೆ ಅದನ್ನು ಎಚ್ಚರದಿಂದ ಓದಬೇಕು. ಹಿಂತಿರುಗಲು ಒಲ್ಲೆನೆಂದ ಸ್ತ್ರೀಯರ ಮನಸ್ಸನ್ನು ವಿವರಿಸುವಾಗ ಲೇಖಿಕೆ ಒಂದೆಡೆ, ಬಡತನದಲ್ಲಿ ಹುಟ್ಟಿ ಬೆಳೆದ ಹುಡುಗಿಯರು ರೇಷ್ಮೆಯ ಉಡುಪು, ಸಿನಿಮಾ ಮೊದಲಾದ ಹೊಸ ಸುಖಗಳನ್ನು ಕಂಡ ಮೇಲೆ ಮತ್ತೆ ಹರಕು ಬಟ್ಟೆಗೂ ಅರೆಹೊಟ್ಟೆಗೂ ಏಕೆ ಮರಳುವರೆಂದು ಕೇಳುತ್ತಾರೆ. ಇಲ್ಲಿ ಮಾತಾಡುತ್ತಿರುವುದು ಶಿಬಿರದ ಹುಡುಗಿಯಲ್ಲ, ಬಾರಾಬಂಕಿಯ ಸುಶಿಕ್ಷಿತ ಮನೆತನದ ಮಹಿಳೆ. ಆದರೂ ಅದೇ ಪುಟಗಳಲ್ಲಿ ಅವರು ನಾಚಿಕೆಯನ್ನು ಕುರಿತು, ಮನೆಯವರು ಸೇರಿಸಿಕೊಳ್ಳುವರೋ ಇಲ್ಲವೋ ಎಂಬ ಭಯವನ್ನು ಕುರಿತು ಬರೆಯುವುದು ಅತ್ಯಂತ ನಿಷ್ಠುರವೂ ಸತ್ಯವೂ ಆಗಿದೆ. ಹತ್ತು ಮಂದಿಯ ಕೈಯಿಂದ ತನ್ನನ್ನು ಬಿಡಿಸಿಟ್ಟುಕೊಂಡ ಒಬ್ಬನು, ಅವನೂ ಅಪಹಾರಕನೇ ಆಗಿದ್ದರೂ, ಆಕೆಯ ಕಣ್ಣಿಗೆ ರಕ್ಷಕನಾಗಿ ಕಾಣಬಹುದೆಂಬ ಸೂಕ್ಷ್ಮವನ್ನು ಅವರು ಗುರುತಿಸಿದ್ದಾರೆ. ಶಾಸನವನ್ನು ಬರೆದವರಿಗೆ ಇದು ಹೊಳೆದಿರಲಿಲ್ಲ.

ಕಮಲಾ ಪಟೇಲ್ ಅವರದು ಬೇರೆ ಸ್ವಭಾವದ ಗ್ರಂಥ. ನಮ್ಮ ಅಭಿಪ್ರಾಯದಲ್ಲಿ ನಾಲ್ಕರಲ್ಲಿ ಹೆಚ್ಚಿನದು. ಮೃದುಲಾ ಸಾರಾಭಾಯಿ ಅವರ ಪ್ರತಿನಿಧಿಯಾಗಿ ಅವರು ಲಾಹೋರಿನಲ್ಲಿ ನಿಂತು, ಗಂಗಾರಾಮ್ ಆಸ್ಪತ್ರೆಯ ಕಟ್ಟಡದಲ್ಲಿದ್ದ ಶಿಬಿರದ ವ್ಯವಹಾರವನ್ನು ಹತ್ತಿರದಿಂದ ಕಂಡವರು. ಗುಜರಾತಿಯಲ್ಲಿ ಅವರು ಬರೆದುದು ಸುಮಾರು ಮೂವತ್ತು ವರ್ಷಗಳ ಮೇಲೆ. ಇಂಗ್ಲಿಷ್ ಅನುವಾದ 2006ರಲ್ಲಿ ಬಂದಿತು. ಇಷ್ಟು ಕಾಲದ ಅಂತರದಲ್ಲಿ ಬರೆಯುವವರು ಸಾಧಾರಣವಾಗಿ ತಮ್ಮ ಕೆಲಸವನ್ನು ಸಮರ್ಥಿಸಿಕೊಳ್ಳುತ್ತಾರೆ. ಕಮಲಾ ಪಟೇಲರು ಸಮರ್ಥನೆಗಿಂತ ಹೆಚ್ಚಾಗಿ ತಮ್ಮ ಸಂಶಯಗಳನ್ನು ದಾಖಲೆ ಮಾಡಿದ್ದಾರೆ. ತಾನಾಗಿ ಒಲಿದು ಅಮೃತಸರಕ್ಕೆ ಬಂದು ಹಿಂದೂ ಯುವಕನೊಬ್ಬನನ್ನು ವಿವಾಹವಾಗಿದ್ದ ಮುಸ್ಲಿಂ ಹುಡುಗಿಯೊಬ್ಬಳನ್ನು ಆಕೆಯ ತಂದೆತಾಯಿಗಳು ಅಪಹೃತಳೆಂದು ಕೇಳಿದ ಪ್ರಕರಣವನ್ನು ಅವರು ವಿಸ್ತಾರವಾಗಿ ಬರೆಯುತ್ತಾರೆ. ಶಾಸನದ ಲಕ್ಷಣಕ್ಕೆ ಆಕೆ ಸರಿಹೊಂದಿದಳು, ಲಾಹೋರಿಗೆ ಒಯ್ಯಲ್ಪಟ್ಟಳು, ಅಲ್ಲಿ ಮನೆಯವರ ನಡುವೆ ನಿಂತು ತನಗೆ ಗಂಡನ ಬಳಿಗೆ ಹೋಗುವ ಇಚ್ಛೆಯಿಲ್ಲವೆಂದಳು. ಆ ಮಾತು ಆಕೆಯದೇ? ಲೇಖಿಕೆಗೆ ಕೊನೆಯವರೆಗೂ ನಂಬಿಕೆ ಬರಲಿಲ್ಲ. ಅದನ್ನು ಅವರು ಮುಚ್ಚಿಡುವುದೂ ಇಲ್ಲ.

ಶಿಶುಗಳ ವಿಷಯದಲ್ಲಿ ಇದೇ ಗ್ರಂಥವು ಮತ್ತೊಂದು ಮುಖ್ಯ ಸಂಗತಿಯನ್ನು ತಿಳಿಸುತ್ತದೆ. ಅಪಹರಣದ ಅನಂತರ ಜನಿಸಿದ ಮಗುವು ತಾನು ಹುಟ್ಟಿದ ದೇಶದಲ್ಲಿಯೇ ಉಳಿಯತಕ್ಕದ್ದೆಂಬ ನಿಯಮವು ಬಂದಾಗ, ತಾಯಿಯನ್ನು ಎಳೆದು ಮಗುವನ್ನು ಬಿಡುವ ಕೆಲಸವನ್ನು ಮಾಡಲಾರೆವೆಂದು ಕಮಲಾ ಪಟೇಲರೂ ಅವರ ಸಂಗಡಿಗರೂ ತಕರಾರು ಮಾಡಿದರು. ಬಹಳ ಚರ್ಚೆಯ ಮೇಲೆ, ತಾಯಿಯು ಮಗುವನ್ನು ಜಾಲಂಧರದವರೆಗೆ ಒಯ್ದು, ಕೆಲವು ದಿನ ಅಲ್ಲಿದ್ದು, ಆಮೇಲೆ ಇರಿಸಿಕೊಳ್ಳುವುದೋ ಒಪ್ಪಿಸುವುದೋ ಎಂದು ತೀರ್ಮಾನಿಸಬಹುದೆಂಬ ಏರ್ಪಾಟಾಯಿತು. ಕೆಲವೇ ದಿನಗಳು. ಆದರೂ ಈ ಇಡೀ ವ್ಯವಸ್ಥೆಯಲ್ಲಿ ಸ್ತ್ರೀಗೆ ಆಲೋಚಿಸಲು ಅವಕಾಶ ಕೊಟ್ಟ ಏರ್ಪಾಟುಗಳಲ್ಲಿ ಇದು ಮೊದಲನೆಯ ಸಾಲಿಗೆ ಸೇರುತ್ತದೆ; ಅದನ್ನು ಗಳಿಸಿದವರು ಮಂತ್ರಿಗಳಲ್ಲ, ಶಿಬಿರದ ಕೆಲಸಗಾರ್ತಿಯರು.

1998ರ ಎರಡು ಗ್ರಂಥಗಳು ಸರ್ಕಾರದ ಕಡತಗಳನ್ನೂ ಬಾಯಿಮಾತಿನ ಸಾಕ್ಷ್ಯವನ್ನೂ ಒಂದುಗೂಡಿಸಿ ಈ ವಿಷಯವನ್ನು ಚರಿತ್ರೆಯೊಳಕ್ಕೆ ತಂದವು; ಈ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಆಗ ಗರ್ಭಪಾತವು ದಂಡಸಂಹಿತೆಯಲ್ಲಿ ಅಪರಾಧವಾಗಿದ್ದರೂ ‘ಸಫಾಯಿ’ ಎಂಬ ಹೆಸರಿನಲ್ಲಿ ಸರ್ಕಾರದ ವೆಚ್ಚದಿಂದಲೇ ಅದು ನಡೆಯಿತೆಂಬುದು ನಮಗೆ ತಿಳಿದುದು ಇವುಗಳಿಂದ. ಹಿಂತಿರುಗಿದವರನ್ನು ಸ್ವೀಕರಿಸಿರೆಂದು ಗಾಂಧೀಜಿ ಮತ್ತು ನೆಹರೂ ಅವರು ಮತ್ತೆ ಮತ್ತೆ ಮೊರೆಯಿಟ್ಟುದೂ, ಸೀತೆಯು ಅಪಹೃತಳಾಗಿಯೂ ಪರಿಶುದ್ಧಳಾಗಿ ಉಳಿದಳೆಂದು ಕಿರುಹೊತ್ತಗೆಗಳನ್ನು ಹಂಚಿದುದೂ ಇವುಗಳಲ್ಲಿ ವರ್ಣಿತವಾಗಿದೆ. (ಹೊತ್ತಗೆಯನ್ನು ಬರೆದವರು ಉತ್ತರಕಾಂಡದವರೆಗೆ ಓದಿರಲಿಲ್ಲವೆಂದು ತೋರುತ್ತದೆ.) ದಮಯಂತಿ ಸಹಗಲ್ ಅವರಂಥ ಕಾರ್ಯಕರ್ತೆಯರ ಸಂದರ್ಶನಗಳು ಬೆಲೆಬಾಳುವಂಥವು.

ಆದರೆ ಒಂದು ಆಕ್ಷೇಪವನ್ನು ಹೇಳದೆ ಇರಲಾರೆವು. ಬಲವಂತದ ಮರಳಿಸುವಿಕೆಯನ್ನು ಖಂಡಿಸುವ ಉತ್ಸಾಹದಲ್ಲಿ, ‘ಒಲ್ಲೆ’ ಎಂದ ಪ್ರತಿಯೊಬ್ಬಳನ್ನೂ ಸ್ವತಂತ್ರ ಇಚ್ಛೆಯ ಸಾಕ್ಷಿಯನ್ನಾಗಿ ನಿಲ್ಲಿಸುವತ್ತ ಈ ಗ್ರಂಥಗಳನ್ನು ಓದಿದವರು ವಾಲುತ್ತಾರೆ. ಗ್ರಂಥಗಳೂ ಅದಕ್ಕೆ ಅಷ್ಟಿಷ್ಟು ಎಡೆಗೊಡುತ್ತವೆ. ಕೈಯಿಂದ ಕೈಗೆ ಮಾರಾಟವಾದವರು, ಬಿಡುಗಡೆಗಾಗಿ ದಿನವೆಣಿಸಿದವರು ಸಹಸ್ರಾರು ಮಂದಿ ಇದ್ದರು. ಅವರಿಗೆ ಪೊಲೀಸರೊಡನೆ ಬಂದ ಕಾರ್ಯಕರ್ತೆ ದೇವತೆಯಂತೆಯೇ ಕಂಡಿರಬೇಕು. ಅಪಹಾರಕನ ಅಂಗಳದಲ್ಲಿ ಅವನ ಎದುರಿಗೆ ಆಡಿದ ‘ಬರುವುದಿಲ್ಲ’ ಎಂಬ ಮಾತು ಸ್ವತಂತ್ರವೇ? ತಂದೆತಾಯಿಗಳ ನಡುವೆ ಆ ಹುಡುಗಿ ಆಡಿದ ಮಾತು ಎಷ್ಟು ಸ್ವತಂತ್ರವೋ ಇದೂ ಅಷ್ಟೆ. ಅಂತೆಯೇ ಮೂಲಪ್ರಶ್ನೆಯು ಮರಳಿ ತಂದುದು ಸರಿಯೋ ತಪ್ಪೋ ಎಂಬುದಲ್ಲ. ಈ ಎರಡು ಮನೆಗಳ ನಡುವೆ, ಯಾರ ಕಣ್ಣಿನ ಹಂಗೂ ಇಲ್ಲದೆ ಆಕೆ ಕುಳಿತು ಉತ್ತರವನ್ನು ಯೋಚಿಸಬಹುದಾದ ಮೂರನೆಯ ಸ್ಥಳವೊಂದು ಇದ್ದಿತೇ? ನೆರವೆಂಬುದನ್ನು ನಾವು ಅಳೆಯಬೇಕಾದುದು ಇದರಿಂದ. ಜಾಲಂಧರದ ಗಾಂಧಿ ವನಿತಾ ಆಶ್ರಮವು ಅಂಥ ಸ್ಥಳವಾಗಬಹುದಾಗಿತ್ತು. ಯಾರೂ ಕರೆದೊಯ್ಯಲು ಬಾರದವರ ಪಾಲಿಗೆ ಕೆಲಮಟ್ಟಿಗೆ ಆಯಿತು ಕೂಡ. ಆದರೆ ಉಳಿದ ಗ್ರಂಥಭಾಗಗಳ ವಿಸ್ತಾರದೊಡನೆ ಹೋಲಿಸಿದರೆ ಇಂಥ ಆಶ್ರಮಗಳ ನಿತ್ಯಜೀವನಕ್ಕೆ ದೊರೆತಿರುವ ಸ್ಥಳ ಸಾಲದು. ಅಲ್ಲಿ ಹೊಲಿಗೆ ಕಲಿತು, ಮಕ್ಕಳನ್ನು ಶಾಲೆಗೆ ಕಳಿಸಿ, ವರ್ಷಗಟ್ಟಲೆ ಬಾಳಿದವರ ಚರಿತ್ರೆಯು ಇನ್ನೂ ಬರೆಯಬೇಕಾಗಿದೆ.

ಈ ಭಿನ್ನಾಭಿಪ್ರಾಯ ಆ ಕಾಲದಲ್ಲಿಯೇ ಇದ್ದಿತು. ಕಡೆಯ ಸ್ತ್ರೀಯವರೆಗೂ ಹುಡುಕಿ ತರಬೇಕೆಂಬುದು ಮೃದುಲಾ ಸಾರಾಭಾಯಿ ಅವರ ನಿಲುವು. ಈಗಾಗಲೇ ನೆಲೆಗೊಂಡವರನ್ನು ಮತ್ತೊಮ್ಮೆ ಕೀಳುವುದು ಕ್ರೌರ್ಯವೆಂಬುದು ರಾಮೇಶ್ವರಿ ನೆಹರೂ ಅವರದು. ಎರಡನೆಯವರು 1949ರಲ್ಲಿ ಆ ಕಾರ್ಯದಿಂದ ಹೊರಬಂದರು. 1954ರಲ್ಲಿ ಉಭಯ ಸರ್ಕಾರಗಳೂ, ಒಲ್ಲದವರನ್ನು ಬಲವಂತವಾಗಿ ಗಡಿ ದಾಟಿಸಬಾರದೆಂದು ಒಪ್ಪಿ, ಮನಸ್ಸು ಮಾಡಲು ಸಮಯ ಕೊಡುವ ವಸತಿಗಳ ಮಾತನ್ನಾಡಿದವು. ಶಾಸನವು 1957ರಲ್ಲಿ ಕೊನೆಗೊಂಡಿತು.

ಕಾಲೇಜಿನ ಅಧ್ಯಾಪಕರಿಗೆ ನಮ್ಮದೊಂದು ಸೂಚನೆ. 1949ರ ಶಾಸನ ಕೆಲವೇ ಕಲಮುಗಳದು. ಒಂದು ಪಾಠದ ಅವಧಿಯಲ್ಲಿ ಓದಿ ಮುಗಿಸಬಹುದು. ಅದರ ಪಕ್ಕದಲ್ಲಿ 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮದ 37 ಕಲಮುಗಳಲ್ಲಿ 6, 17 ಮತ್ತು 19ನ್ನು ಮಾತ್ರ ಇಟ್ಟು ಓದಿಸಬೇಕು. ಎರಡೂ ಬೇರೆ ಬೇರೆ ಅನ್ಯಾಯಗಳಿಗೆ ಸಂಬಂಧಿಸಿದುವೆಂಬುದನ್ನು ಮೊದಲೇ ತಿಳಿಸಿದರಾಯಿತು. 6ನೆಯ ಕಲಮಿನಲ್ಲಿ ಆಶ್ರಯಗೃಹದ ಬಾಗಿಲು ತೆರೆಯುವುದು ಪೀಡಿತಳೋ ಆಕೆಯ ಪರವಾಗಿ ಸಂರಕ್ಷಣಾಧಿಕಾರಿಯೋ ಸೇವಾಸಂಸ್ಥೆಯೋ ‘ಕೋರಿದಾಗ’. ಕೋರಿಕೆ ಬಂದರೆ ಗೃಹದ ಮುಖ್ಯಸ್ಥರು ಆಶ್ರಯ ಕೊಡಲೇಬೇಕು. 17ನೆಯದು ಆಕೆಗೆ ತಾನು ಬಾಳಿದ ಮನೆಯಲ್ಲಿಯೇ ಉಳಿಯುವ ಹಕ್ಕನ್ನು ಕೊಡುತ್ತದೆ. 19ನೆಯದರಂತೆ ನ್ಯಾಯಾಧೀಶರು ಬೇಕೆಂದರೆ ಮನೆಯಿಂದ ಹೊರಗೆ ಕಳಿಸುವುದು ಹಿಂಸೆ ಮಾಡಿದ ಪುರುಷನನ್ನು. 1949ರ ಶಾಸನದಲ್ಲಿ ಒಂದೆಡೆಯಿಂದ ಮತ್ತೊಂದೆಡೆಗೆ ಸಾಗುವವಳು ಸದಾ ಸ್ತ್ರೀಯೇ. ಈ ಎರಡು ಪಾಠಗಳಲ್ಲಿ ಯಾವ ಯಾವ ಕ್ರಿಯಾಪದಕ್ಕೆ ಯಾರು ಕರ್ತೃವೆಂದು ವಿದ್ಯಾರ್ಥಿಗಳಿಂದ ಪಟ್ಟಿ ಮಾಡಿಸಿ, ಆಮೇಲೆ ಕಮಲಾ ಪಟೇಲರ ಗ್ರಂಥವನ್ನು ಅವರ ಕೈಗೆ ಕೊಡುವುದು ಉಚಿತ.