ಹಳೆಯ ಡೆಕ್ಕು, ಹೊಸ ಆಕಾಶ

ಸಂಪಿಗೆ ರಸ್ತೆಯ ಸಂಜೆಯ ದಟ್ಟಣೆಯಲ್ಲಿ ಎಂಟನೇ ಕ್ರಾಸಿಗೂ ಹದಿನೈದನೇ ಕ್ರಾಸಿಗೂ ನಡುವೆ ಒಂದು ಕೃತಿಯನ್ನು ಪಲ್ಲವಿಯಿಂದ ಚರಣದವರೆಗೆ ಕೇಳಿಬಿಡಬಹುದು. ಬೆಂಗಳೂರಿನ ಮಲ್ಲೇಶ್ವರದಂಥ ಸಂಗೀತದ ಬಡಾವಣೆಯಲ್ಲಿ ಕಾರು ಕೂಡ ಒಂದು ಕೇಳುವ ಕೋಣೆ. ಹಾಗಾಗಿ ಹಳೆಯ ಕಾರಿನ ಸ್ಟೀರಿಯೊಗೆ ಉಪಗ್ರಹ ರೇಡಿಯೊ ಸೇರಿಸುವ ಆಸೆ ನಮ್ಮಲ್ಲಿ ಹುಟ್ಟಿದ್ದು ಸಹಜ. ಆ ಆಸೆ ಎಷ್ಟು ಸರಿ, ಅದನ್ನು ಈಡೇರಿಸುವ ದಾರಿಗಳಲ್ಲಿ ಯಾವುದು ಒಳ್ಳೆಯದು ಎಂದು ತೂಗಿ ನೋಡಬೇಕು.

ಆಸೆಗೆ ಕಾರಣವಾದದ್ದು ವರ್ಲ್ಡ್‌ಸ್ಪೇಸ್ ಎಂಬ ಉಪಗ್ರಹ ರೇಡಿಯೊ ಸೇವೆ. 2000ದ ಮಾರ್ಚ್‌ನಲ್ಲಿ ಹಾರಿದ ಏಷ್ಯಾಸ್ಟಾರ್ ಉಪಗ್ರಹದಿಂದ ಅದರ ವಾಹಿನಿಗಳು ನಮ್ಮ ಮನೆಗಳಿಗೆ ಇಳಿದವು. ಕರ್ನಾಟಕ ಸಂಗೀತಕ್ಕೆ ‘ಶ್ರುತಿ’, ಹಿಂದೂಸ್ತಾನಿಗೆ ‘ಗಂಧರ್ವ’, ಕನ್ನಡಕ್ಕೆ ‘ಸ್ಪರ್ಶ’. 2001ರಲ್ಲಿ ರೇಡಿಯೊ ಸಿಟಿಯ ಮೂಲಕ ಖಾಸಗಿ ಎಫ್‌ಎಂ ಬಂದ ಮೇಲೆ ಊರಿನ ಗಾಳಿಯೆಲ್ಲ ಸಿನಿಮಾ ಹಾಡಾಗಿದ್ದಾಗ, ದಿನವಿಡೀ ರಾಗ ಹರಿಸುವ ಒಂದು ವಾಹಿನಿ ಸಿಕ್ಕಿದ್ದು ಸಣ್ಣ ಮಾತಲ್ಲ. ಕೋಟೆ ಹೈಸ್ಕೂಲಿನ ರಾಮನವಮಿ ಕಚೇರಿಗಾಗಿ ವರ್ಷವಿಡೀ ಕಾಯುವ ಕಿವಿಗಳಿಗೆ ಅದು ನಿತ್ಯದ ನೈವೇದ್ಯವಾಯಿತು. ಈ ಗುಣವನ್ನು ಮೊದಲು ಒಪ್ಪಿಕೊಂಡೇ ಮುಂದಿನ ಮಾತು.

ಆದರೆ ಆ ವ್ಯವಸ್ಥೆ ಮನೆಗೆ ಒಗ್ಗಿದಷ್ಟು ಕಾರಿಗೆ ಒಗ್ಗುವಂತಿರಲಿಲ್ಲ. ಏಷ್ಯಾಸ್ಟಾರ್ ನಿಂತಿದ್ದದ್ದು 105 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಸಮಭಾಜಕದ ಮೇಲೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಬೆಂಗಳೂರಿನಿಂದ ನೋಡಿದರೆ ಪೂರ್ವಕ್ಕೆ, ತುಸು ಆಗ್ನೇಯಕ್ಕೆ ವಾಲಿದಂತೆ. ತಾರಸಿಯಲ್ಲೋ ಕಿಟಕಿಯಲ್ಲೋ ಆಂಟೆನಾವನ್ನು ಒಮ್ಮೆ ಆ ಕಡೆ ತಿರುಗಿಸಿಟ್ಟರೆ ಸಾಕು. ಕಾರಿಗೆ ಆ ಭಾಗ್ಯವಿಲ್ಲ. ಸಂಪಿಗೆ ರಸ್ತೆ ಉತ್ತರ ದಕ್ಷಿಣವಾಗಿ ಸಾಗುವುದರಿಂದ ಉಪಗ್ರಹವಿರುವ ಪೂರ್ವದಂಚಿನಲ್ಲೇ ಕಟ್ಟಡಗಳು ಸಾಲುಗಟ್ಟಿವೆ; ಅವುಗಳ ಮೇಲೆ ಮರಗಳ ಕೊಂಬೆಗಳು. ಒದ್ದೆ ಎಲೆಯೂ ಈ ತರಂಗಗಳ ಬಲವನ್ನು ತಗ್ಗಿಸುತ್ತದೆ. ನೆರಳಿಗೆ ಬಂದ ಕೂಡಲೇ ಆಲಾಪನೆ ಕಡಿದು, ಬೆಳಕಿಗೆ ಬಂದಾಗ ಮತ್ತೆ ಕೂಡಿಕೊಳ್ಳುತ್ತದೆ. ಡಿಜಿಟಲ್ ಧ್ವನಿ ಹಳೆಯ ಎಎಂನಂತೆ ಗೊರಗೊರ ಎನ್ನುತ್ತ ಹೇಗೋ ತಲುಪುವುದಿಲ್ಲ, ಪೂರ್ತಿ ನಿಂತುಹೋಗುತ್ತದೆ. ರಾಗ ಕೇಳುವವನಿಗೆ ಈ ಮೌನ ಗೊರಗೊರಕ್ಕಿಂತ ಕಷ್ಟ.

ಅಮೆರಿಕದ ಉಪಗ್ರಹ ರೇಡಿಯೊ ಸೇವೆಗಳಾದ ಎಕ್ಸ್‌ಎಂ 2001ರಲ್ಲೂ ಸಿರಿಯಸ್ 2002ರಲ್ಲೂ ಆರಂಭವಾದಾಗ ಕಾರನ್ನೇ ಗುರಿಯಾಗಿಸಿದ್ದವು. ಕಟ್ಟಡಗಳ ನೆರಳು ಬೀಳುವ ನಗರಗಳಲ್ಲಿ ಎಕ್ಸ್‌ಎಂ ನೂರಾರು ನೆಲದ ಮರುಪ್ರಸಾರಕಗಳನ್ನು ನೆಟ್ಟಿತು. ಸಿರಿಯಸ್ ತನ್ನ ಉಪಗ್ರಹಗಳನ್ನು ನೆತ್ತಿಯ ಹತ್ತಿರ ಹಾಯುವ ದೀರ್ಘವೃತ್ತದ ಕಕ್ಷೆಯಲ್ಲಿ ಓಡಿಸಿತು. 2008ರಲ್ಲಿ ಎರಡೂ ಒಂದಾದವು. ಅಲ್ಲಿರುವ ನಮ್ಮವರು ಹಳೆಯ ಟೊಯೊಟಾ, ಹೊಂಡಾಗಳಿಗೆ ಪುಟ್ಟ ರಿಸೀವರ್ ಪೆಟ್ಟಿಗೆಯೊಂದನ್ನು ಸೇರಿಸಿ ಗಂಟೆಗಟ್ಟಲೆ ಹೆದ್ದಾರಿಯಲ್ಲಿ ಕೇಳಲು ಸಾಧ್ಯವಾದದ್ದು ಈ ಸಿದ್ಧತೆಯಿಂದ. ನಮ್ಮ ರಸ್ತೆಗೆ ಆ ನೆಲದ ಆಸರೆ ಸಿಗಲಿಲ್ಲ.

ಇನ್ನು ಪೆಟ್ಟಿಗೆಯ ಧ್ವನಿ ಹಳೆಯ ಸ್ಟೀರಿಯೊದೊಳಗೆ ಹೋಗುವ ದಾರಿ. ಈ ಜೋಡಣೆಯ ಕಲೆಯ ಹೆಚ್ಚುಕಡಿಮೆ ತಿಳಿಯುವುದು ಇಲ್ಲೇ. ಒಂದು, ಸಿಗರೇಟ್ ಲೈಟರ್ ಸಾಕೆಟ್ಟಿಗೆ ಸಿಕ್ಕಿಸುವ ಎಫ್‌ಎಂ ಟ್ರಾನ್ಸ್‌ಮಿಟರ್. ಸುಲಭ, ಅಗ್ಗ, ಆದರೆ 91.1, 92.7, 93.5, 98.3, 101.3, 102.9 ಎಂದು ಗಾಳಿಯೆಲ್ಲ ತುಂಬಿರುವ ಬೆಂಗಳೂರಿನಲ್ಲಿ ಖಾಲಿ ಜಾಗ ಹುಡುಕುವುದೇ ಕೆಲಸ. ನನ್ನ ಹಳೆಯ ಮಾರುತಿ 800ರಲ್ಲಿ ತಂಬೂರಿಯ ನಾದದ ಮೇಲೆ ಜಾಹೀರಾತಿನ ದನಿ ನುಗ್ಗಿದ ದಿನವೇ ಅದನ್ನು ಕಿತ್ತಿಟ್ಟೆ. ಎರಡು, ಆಂಟೆನಾ ತಂತಿಯ ನಡುವೆಯೇ ಕೂರಿಸುವ ಮಾಡ್ಯುಲೇಟರ್. ಇದು ವಾಸಿ, ಆದರೆ ಎಫ್‌ಎಂನ ಮಿತಿ ದಾಟುವುದಿಲ್ಲ. ಡ್ಯಾಶ್‌ಬೋರ್ಡ್ ಬಿಚ್ಚಲೂ ಬೇಕು. ಮೂರು, ಕ್ಯಾಸೆಟ್ ಅಡಾಪ್ಟರ್. ಕ್ಯಾಸೆಟ್ಟಿನ ಆಕಾರದ ಚಿಪ್ಪಿನೊಳಗೆ ಒಂದು ಪುಟ್ಟ ಹೆಡ್, ಅದಕ್ಕೆ ಒಂದು ವೈರು. ಅದರ ಕಾಂತಕ್ಷೇತ್ರವನ್ನು ಡೆಕ್ಕಿನ ಹೆಡ್ಡು ಟೇಪು ಓದಿದಂತೆಯೇ ಓದುತ್ತದೆ. ಹೊರಗಿನ ಧ್ವನಿಗೆ ಆಕ್ಸ್ ಕಿಂಡಿ ಇಲ್ಲದ ಹಳೆಯ ಸೆಟ್ಟಿಗೆ ನನ್ನ ಮತ ಇದಕ್ಕೇ. ಎಂಜಿನ್ ರೇಸಾದಂತೆ ಏರುವ ಕುಯ್ ಎಂಬ ಸದ್ದು ಬಂದರೆ ಅರ್ಥಿಂಗ್ ನೋಡಬೇಕು; ಜೆ.ಸಿ. ರಸ್ತೆಯಲ್ಲಿ ಸ್ಟೀರಿಯೊ ಕೂರಿಸಿ ಕೈ ಪಳಗಿದ ಕೆಲಸಗಾರರು ಮೊದಲು ಮುಟ್ಟುವುದೂ ಅದನ್ನೇ.

ಅಡಾಪ್ಟರಿಗೆ ನಾನು ಹೆಚ್ಚು ಅಂಕ ಕೊಡಲು ಧ್ವನಿಯೊಂದೇ ಕಾರಣವಲ್ಲ. 2008ರ ಅಕ್ಟೋಬರ್‌ನಲ್ಲಿ ವರ್ಲ್ಡ್‌ಸ್ಪೇಸ್ ಅಮೆರಿಕದಲ್ಲಿ ದಿವಾಳಿ ಅರ್ಜಿ ಹಾಕಿತು. ಚಂದಾದಾರರಲ್ಲಿ ಬಹುಪಾಲು ಭಾರತದವರೇ ಆಗಿದ್ದರೂ 2009ರ ಡಿಸೆಂಬರ್ 31ಕ್ಕೆ ಇಲ್ಲಿನ ಸೇವೆ ನಿಂತಿತು. ಆ ರಿಸೀವರುಗಳು ಬೇರಾವ ಉಪಗ್ರಹ ಸೇವೆಯನ್ನೂ ಅದರ ಬದಲಿಗೆ ಹಿಡಿಯಲಾರವು. ಅದೇ ಹೊತ್ತಿಗೆ ಆಕಾಶವಾಣಿಯ ಶಾಸ್ತ್ರೀಯ ಸಂಗೀತ ವಾಹಿನಿ ಅಮೃತವರ್ಷಿಣಿಯನ್ನು 100.1ರಲ್ಲಿ ಕೇಳಲು ಹಳೆಯ ಸ್ಟೀರಿಯೊಗೆ ಏನನ್ನೂ ಸೇರಿಸಬೇಕಿರಲಿಲ್ಲ. 2016ರಲ್ಲಿ ಬಂದ ಆಕಾಶವಾಣಿಯದೇ ‘ರಾಗಂ’ ವಾಹಿನಿ ಈಗ ಫೋನಿನಲ್ಲೇ ಸಿಗುತ್ತದೆ. ಅದೂ ಅದೇ ಅಡಾಪ್ಟರಿನ ವೈರಿನಿಂದ ಅದೇ ಡೆಕ್ಕಿಗೆ ಇಳಿಯುತ್ತದೆ.

ಹಾಡಿನ ಮೂಲಗಳು ಬರುತ್ತವೆ, ಹೋಗುತ್ತವೆ. ಕಾರಿನ ಬೆಸುಗೆ ಅವುಗಳಿಗಿಂತ ಹೆಚ್ಚು ಬಾಳಬೇಕು. ಉಪಗ್ರಹ ರೇಡಿಯೊವೇ ಇರಲಿ, ನಾಳೆ ಬರುವ ಇನ್ನೊಂದೇ ಇರಲಿ, ಅದನ್ನು ಕೂರಿಸುವವರಿಗೆ ನಾನು ಕೇಳುವ ಪ್ರಶ್ನೆ ಇಷ್ಟೇ: ಇದನ್ನು ನಾಳೆ ಬಿಚ್ಚಿಟ್ಟರೆ ಡ್ಯಾಶ್‌ಬೋರ್ಡಿನಲ್ಲಿ ತೂತು ಉಳಿಯುತ್ತದೆಯೋ, ಅಥವಾ ಅಪ್ಪ ಕೊಂಡಿಟ್ಟ ಕ್ಯಾಸೆಟ್ಟು ಮೊದಲಿನಂತೆ ಒಳಗೆ ಹೋಗಿ ಹಾಡುತ್ತದೆಯೋ?